ಲಿನಕ್ಸ್ ಮತ್ತು ಮೊಬೈಲ್ ಕಿರಿಕಿರಿ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಆ ಹೊತ್ತಿಗೆ ಉಡುಪಿ, ಮಂಗಳೂರು ಕಡೆ ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲಿಗೆ ಲಿನಕ್ಸಿನ ಬಗೆಗಳಾದ ಮಿಂಟ್ ಅಥವಾ ಉಬುಂಟು ಹಾಕಿಸಿಕೊಂಡವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಹಾಕಿಸಿಕೊಂಡ ಮೇಲೆ ಫೋನ್ ಬರುತ್ತದೆ, ಲಿನಕ್ಸಿನ ಮಾತು ಮುಗಿಯುವಷ್ಟರಲ್ಲಿ "ಹಾಗೆಯೇ ಈ ಮೊಬೈಲಿನದ್ದೂ ಒಂದು ನೋಡಿ" ಎಂದು ಬಾಲ ಸೇರಿಕೊಳ್ಳುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆದಿದ್ದೇನೆ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು. ಜಾಗ ಎಂದಲ್ಲಿ ಸ್ಪೇಸ್‌ಬಾರ್ ಒತ್ತಬೇಕು.

ಎಂತದೋ ಹಾಳಾಯ್ತು. ಫಾರ್ಮ್ಯಾಟ್ ಮಾಡಿಬಿಡುವುದಾ?

ಬೇಡ ಮಾರಾಯ್ರೆ. ಫಾರ್ಮ್ಯಾಟ್ ಮಾಡುವುದು ರಿಪೇರಿಯವರಿಗೆ ಸುಲಭ, ಕಾರಣ ಹುಡುಕುವ ತಲೆನೋವಿಲ್ಲ. ಹೋಗುವುದು ನಿಮ್ಮ ಫೈಲು. ಮೊದಲು ಪರದೆಯ ಮೇಲೆ ಬಂದ ಸಂದೇಶವನ್ನು ಓದಿ, ಅರ್ಥವಾಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. "ಏನೋ ಬಂತು, ಓಕೆ ಕೊಟ್ಟೆ" ಎಂದರೆ ಯಾರಿಗೂ ಏನೂ ಹೇಳಲಿಕ್ಕಾಗುವುದಿಲ್ಲ. ಲಿನಕ್ಸಿನ ಸಂದೇಶ ನೋಡಲಿಕ್ಕೆ ಒರಟು, ಆದರೆ ಎಷ್ಟೋ ಸಲ ಪರಿಹಾರವೂ ಅದೇ ಸಾಲಿನಲ್ಲಿ ಇರುತ್ತದೆ.

ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನು ಅಳಿಸಬೇಡಿ. ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಹಾಗೆಯೇ ಬಳಸಿ ನೋಡಬಹುದು. ಅಲ್ಲಿ ವೈಫೈ, ಸೌಂಡ್ ಸರಿಯಿದ್ದರೆ ಯಂತ್ರ ಸರಿಯಿದೆ, ತೊಂದರೆ ಸೆಟ್ಟಿಂಗಿನದ್ದು. ಕಂಪ್ಯೂಟರ್ ಏಳದೇ ಹೋದಾಗ ಫೈಲು ಹೊರತೆಗೆಯಲಿಕ್ಕೂ ಅದೇ ದಾರಿ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂ ಬಂದೇ ಇರುತ್ತದೆ, ಚಾಲೂ ಮಾಡಿಡಿ. ಅದು ಉಳಿಸುವುದು ಸಿಸ್ಟಂ ಅನ್ನು ಮಾತ್ರ, ನಿಮ್ಮ ಫೋಟೋಗಳನ್ನಲ್ಲ. ಅದಕ್ಕೆ ಬೇರೆ ಹಾರ್ಡ್‌ಡಿಸ್ಕಿಗೆ ಬೇರೆ ಬ್ಯಾಕಪ್ ಬೇಕು.

ಅಪ್‌ಡೇಟ್ ಆಗುವಾಗ ಕರೆಂಟ್ ಹೋಯ್ತು. ಈಗ ಯಾವ ಸಾಫ್ಟ್‌ವೇರೂ ಇನ್‌ಸ್ಟಾಲ್ ಆಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಪ್ರಶ್ನೆ ಹೆಚ್ಚು. ಪ್ಯಾಕೇಜ್ ಬಿಚ್ಚಿ ಹಾಕಿದ್ದಾಗಿದೆ, ಹೊಂದಿಸುವ ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೇ. ಟರ್ಮಿನಲ್ ತೆರೆದು ಸುಡೊ, ಜಾಗ, ಡಿಪಿಕೆಜಿ, ಜಾಗ, ಎರಡು ಹೈಫನ್ ಸೇರಿಸಿ ಕಾನ್ಫಿಗರ್, ಜಾಗ, ಒಂದು ಹೈಫನ್ ಸೇರಿಸಿ ಎ ಎಂದು ಹೊಡೆಯಿರಿ. ಬಂದ ಸಂದೇಶವನ್ನು ಓದಿದರೆ ಇದೇ ಕಮಾಂಡ್ ಅದರಲ್ಲಿ ಬರೆದೇ ಇರುತ್ತದೆ. ಪಾಸ್‌ವರ್ಡ್ ಹಾಕುವಾಗ ಚುಕ್ಕಿಯೂ ಕಾಣದಿದ್ದರೆ ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ, ಟರ್ಮಿನಲ್‌ನ ರೀತಿಯೇ ಹಾಗೆ.

ಡೆಸ್ಕ್‌ಟಾಪ್‌ವರೆಗೆ ಬರುವುದೇ ಇಲ್ಲ ಎಂದಾದರೆ ಚಾಲೂ ಮಾಡುವಾಗಿನ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್. ಅಲ್ಲಿಯ ಪಟ್ಟಿಯಲ್ಲೂ ಡಿಪಿಕೆಜಿ ಇದೆ, ಅದನ್ನು ಆರಿಸಿದರೆ ಕೆಲಸ ತಾನಾಗಿ ನಡೆಯುತ್ತದೆ.

ಲಾಕ್ ಸಿಗಲಿಲ್ಲ ಎಂಬ ಸಂದೇಶ ಬೇರೆ. ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ ಎಂದು ಅದರ ಅರ್ಥ. ಚಹಾ ಕುಡಿದು ಬನ್ನಿ. ಲಾಕ್ ಫೈಲನ್ನೇ ಅಳಿಸಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ, ಅರ್ಧದಲ್ಲಿದ್ದ ಕೆಲಸ ಆಗಲೇ ಕೆಡುವುದು.

ಕಪ್ಪು ಪರದೆ, ಮೇಲೆ ಬ್ಯುಸಿಬಾಕ್ಸ್, ಇನಿಟ್‌ರಾಮ್‌ಎಫ್‌ಎಸ್ ಅಂತ ಬರೆದಿದೆ. ಡಿಸ್ಕ್ ಹೋಯ್ತಾ?

ಹೋಗಿಲ್ಲದಿರುವ ಸಾಧ್ಯತೆಯೇ ಜಾಸ್ತಿ. ಕರೆಂಟ್ ಹೋದಾಗ ಬರೆಯುತ್ತಿದ್ದುದು ಅರ್ಧಕ್ಕೆ ನಿಂತರೆ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಎಕ್ಸ್ಟ್4 ಫೈಲ್ ಸಿಸ್ಟಂ ದಿನಚರಿಯಂಥ ತನ್ನ ಜರ್ನಲ್ ನೋಡಿ ಸರಿಮಾಡಿಕೊಳ್ಳುತ್ತದೆ, ಆಗದಿದ್ದರೆ ನಿಮ್ಮನ್ನು ಇಲ್ಲಿ ನಿಲ್ಲಿಸುತ್ತದೆ. ತಪ್ಪು ಹುಡುಕಿ ಸರಿಮಾಡುವ ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಿ ಎಂಬ ಸಾಲು ಮತ್ತು ಪಾರ್ಟಿಷನ್ನಿನ (ಡಿಸ್ಕಿನ ಭಾಗದ) ಹೆಸರು ಪರದೆಯಲ್ಲೇ ಇರುತ್ತದೆ. ಎಫ್‌ಎಸ್‌ಸಿಕೆ, ಜಾಗ, ಹೈಫನ್ ವೈ, ಜಾಗ, ಆಮೇಲೆ ಅಲ್ಲಿ ಕಂಡ ಹೆಸರು, ಎಂಟರ್. ಮುಗಿದ ಮೇಲೆ ರೀಬೂಟ್.

ಕರೆಂಟ್ ಹೋಗದೆಯೂ ಇದು ಮತ್ತೆ ಮತ್ತೆ ಬಂದರೆ ಮಾತ್ರ ಡಿಸ್ಕಿನ ಮೇಲೆ ಅನುಮಾನ ಪಡಬೇಕು. ಡಿಸ್ಕ್ಸ್ ಎಂಬ ಅಪ್ಲಿಕೇಶನ್ನಿನಲ್ಲಿ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಮಾಹಿತಿ ನೋಡಿ, ಕೂಡಲೇ ಬ್ಯಾಕಪ್ ತೆಗೆಯಿರಿ. ಡೆಸ್ಕ್‌ಟಾಪ್ ಇಟ್ಟುಕೊಂಡವರು ಸಣ್ಣದೊಂದು ಯುಪಿಎಸ್ ಇಡುವುದು ಒಳ್ಳೆಯದು. ಗಂಟೆಗಟ್ಟಲೆ ಓಡುವುದು ಬೇಡ, ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ನಿಂತರೆ ಸಾಕು.

ಸಿಡಿಲಿಗೆ ರೂಟರ್ ಆಫ್ ಮಾಡಿದ್ರೆ ಸಾಕಲ್ಲ?

ಸಾಲದು, ಅಡಾಪ್ಟರನ್ನು ಪ್ಲಗ್ಗಿನಿಂದಲೇ ತೆಗೆಯಬೇಕು. ಫೈಬರ್ ಎಳೆ ಗಾಜಿನದ್ದು, ಅದರಲ್ಲಿ ಕರೆಂಟ್ ಬರುವುದಿಲ್ಲ. ಬರುವುದು ಅಡಾಪ್ಟರಿನಲ್ಲಿ, ತಾಮ್ರದ ಲ್ಯಾನ್ ಕೇಬಲಿನಲ್ಲಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಲ್ಯಾನ್ ಎಳೆದಿದ್ದರೆ ಅದನ್ನೂ ತೆಗೆಯಿರಿ. ನಮ್ಮಲ್ಲಿ ಗುಡುಗು ಸಿಡಿಲು ಮಳೆಗಾಲದ ನಡುವಿಗಿಂತ ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಜೋರು.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಉಂಟು. ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ!

ಸರಿಯಾಗಿ ಐದೂವರೆ ಗಂಟೆ ಎಂಬುದರಲ್ಲೇ ಉತ್ತರ ಇದೆ. ನಮ್ಮ ಸಮಯ ವಿಶ್ವ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ವಿಶ್ವ ಸಮಯ ಇಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದೇ ಓದುತ್ತದೆ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್, ಜಾಗ, ಸೆಟ್-ಲೋಕಲ್-ಆರ್‌ಟಿಸಿ, ಜಾಗ, 1 ಎಂದು ಕೊಟ್ಟರೆ ಜಗಳ ಮುಗಿಯುತ್ತದೆ.

ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿ, ಬ್ರೌಸರ್‌ನಲ್ಲಿ ಎಲ್ಲ ಸೈಟೂ ಸುರಕ್ಷಿತವಲ್ಲ ಎಂದು ಬರುತ್ತಿದ್ದರೆ ಅದು ಬೇರೆ ಕತೆ. ಒಳಗಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಲಿನಕ್ಸಿನಲ್ಲಿ ಡಿ ಡ್ರೈವ್ ಕಾಣ್ತದೆ, ಆದರೆ ಎಂತದೂ ಸೇವ್ ಮಾಡ್ಲಿಕ್ಕೆ ಬಿಡುವುದಿಲ್ಲ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗುವುದಿಲ್ಲ, ಡ್ರೈವನ್ನು ಅರ್ಧ ತೆರೆದಿಟ್ಟೇ ಹೋಗಿರುತ್ತದೆ. ಡೇಟಾ ಕೆಡಬಾರದೆಂದು ಲಿನಕ್ಸ್ ಓದಲಿಕ್ಕೆ ಮಾತ್ರ ಬಿಡುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ತುರ್ತಿಗೆ ವಿಂಡೋಸ್‌ನಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ಲಿನಕ್ಸಿಗೆ ಬಂದರೂ ಆಗುತ್ತದೆ.

ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುವುದೇ ಇಲ್ಲ. ಡ್ರೈವರ್‌ಗೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು!

ನಡುವೆ ನಿಮ್ಮ ಮೊಬೈಲ್ ಉಂಟಲ್ಲ. ಚಾರ್ಜಿಂಗ್ ಕೇಬಲಿನಲ್ಲಿ ಆಂಡ್ರಾಯ್ಡ್ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವೈರಿನ ನೆಟ್ ಎಂದೇ ಹಿಡಿಯುತ್ತದೆ, ಡ್ರೈವರ್ ಬೇಡ. ಆಮೇಲೆ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ತೆರೆಯಿರಿ. ಹಳೆ ಲ್ಯಾಪ್‌ಟಾಪಿನ ಬ್ರಾಡ್‌ಕಾಮ್ ಚಿಪ್ಪಿಗೆ ಹೆಚ್ಚಾಗಿ ಇಲ್ಲೇ ಮದ್ದು ಸಿಗುತ್ತದೆ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರನ್ನು ತಡೆಯುವ ಕಾವಲು) ಆನ್ ಇದ್ದರೆ ಹೀಗೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಾಗಿ ಕಂಟಿನ್ಯೂ ಒತ್ತುವವರೇ ಹೆಚ್ಚು, ಆಮೇಲೆ ಡ್ರೈವರ್ ಹಾಕಿದರೂ ಕೆಲಸ ಮಾಡುವುದಿಲ್ಲ ಎಂಬ ದೂರು. ಎನ್ವಿಡಿಯಾ ಕಾರ್ಡಿನವರಿಗೂ ಇದೇ ಮಾತು.

ನಿನ್ನೆವರೆಗೆ ಇತ್ತು, ಅಪ್‌ಡೇಟ್ ಆದ ಮೇಲೆ ಹೋಯ್ತು ಎಂದಾದರೆ ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ (ಲಿನಕ್ಸಿನ ತಿರುಳು) ಆರಿಸಿ ನೋಡಿ.

ವೈಫೈ ಉಂಟು, ಒಳಗಿನ ಕೋಣೆಗೆ ಬರುವುದಿಲ್ಲ ಎಂಬುದು ಲಿನಕ್ಸಿನ ತಪ್ಪಲ್ಲ. ಮುರಕಲ್ಲಿನ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ಅಲೆ ದಾಟುವುದು ಕಷ್ಟ. ರೂಟರಿನ 2.4 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿ, ವೇಗ ಕಡಿಮೆಯಾದರೂ ನಿಲ್ಲುತ್ತದೆ.

ಫೋನ್ ಜೋಡಿಸಿದರೆ ಚಾರ್ಜ್ ಆಗ್ತದೆ, ಫೋಟೋ ಕಾಣುವುದಿಲ್ಲ.

ಫೋನಿನ ಲಾಕ್ ತೆಗೆದು, ಮೇಲಿನಿಂದ ನೋಟಿಫಿಕೇಶನ್ ಎಳೆದು, ಫೈಲ್ ಟ್ರಾನ್ಸ್‌ಫರ್ ಆರಿಸಿ. ಸಿಕ್ಕಸಿಕ್ಕವರು ಫೋಟೋ ತೆಗೆಯಬಾರದೆಂದು ಮೊದಲಿಗೆ ಬರೀ ಚಾರ್ಜಿಂಗ್ ಇರುತ್ತದೆ. ಆ ಆಯ್ಕೆಯೇ ಬರದಿದ್ದರೆ ಕೇಬಲ್ ಬದಲಿಸಿ, ಅಗ್ಗದ ಕೆಲವು ಕೇಬಲುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಐಫೋನ್ ಆದರೆ ಟ್ರಸ್ಟ್ ಒತ್ತಬೇಕು.

ದಿನಾ ಕಳಿಸುವವರಿಗೆ ಕೇಬಲಿಗಿಂತ ಕೆಡಿಇ ಕನೆಕ್ಟ್ ಎಂಬ ಆ್ಯಪ್ ಒಳ್ಳೆಯದು. ಫೋನ್, ಲ್ಯಾಪ್‌ಟಾಪ್ ಎರಡೂ ಒಂದೇ ವೈಫೈಯಲ್ಲಿರಬೇಕು. ಗೆಸ್ಟ್ ವೈಫೈಯಲ್ಲಿ ಒಂದಕ್ಕೊಂದು ಕಾಣುವುದಿಲ್ಲ. ಫೈರ್‌ವಾಲ್ ಇದ್ದರೆ 1714ರಿಂದ 1764ರವರೆಗಿನ ಪೋರ್ಟ್ ತೆರೆಯಿರಿ.

ಯಕ್ಷಗಾನದ ರೆಕಾರ್ಡಿಂಗ್ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. 32 ಜಿಬಿ ಖಾಲಿ ಉಂಟು.

ಬೆಳಗಿನವರೆಗಿನ ಆಟ ಒಂದೇ ಫೈಲಾದರೆ ಸುಲಭವಾಗಿ 4 ಜಿಬಿ ದಾಟುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆ ಬಗೆಯ ಫಾರ್ಮ್ಯಾಟ್‌ನಲ್ಲಿದ್ದರೆ ಅದರಲ್ಲಿ ಒಂದು ಫೈಲಿನ ಮಿತಿಯೇ 4 ಜಿಬಿ, ಖಾಲಿ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಒಳಗಿನದ್ದನ್ನು ಬೇರೆಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಫಾರ್ಮ್ಯಾಟ್ ಮಾಡಿ ಎಂದು ನಾನೇ ಹೇಳುವ ಜಾಗ ಬಹುಶಃ ಇದೊಂದೇ. 2019ರ 5.4 ಕರ್ನಲ್‌ನಿಂದ ಈಚೆಗೆ ಲಿನಕ್ಸಿಗೆ ಎಕ್ಸ್‌ಫ್ಯಾಟ್ ನೇರವಾಗಿ ಗೊತ್ತು. ಅಜ್ಜನ ಮನೆಯ ಹಳೆ ಟಿವಿಗೆ ಗೊತ್ತಿಲ್ಲದಿರಬಹುದು. ಹಾಗಿದ್ದರೆ ಪ್ರಸಂಗವನ್ನು ತುಂಡು ಮಾಡಿಯೇ ಹಾಕಬೇಕು.

ಇನ್ನೊಂದು ಮಾತು. ಲಿನಕ್ಸಿನಲ್ಲಿ ಕಾಪಿ ಬೇಗ ಮುಗಿದಂತೆ ಕಾಣುತ್ತದೆ, ನಿಜವಾಗಿ ಫೈಲು ಇನ್ನೂ ಮೆಮೊರಿಯಲ್ಲಿದ್ದು ನಿಧಾನಕ್ಕೆ ಪೆನ್‌ಡ್ರೈವಿಗೆ ಇಳಿಯುತ್ತಿರುತ್ತದೆ. ಇಜೆಕ್ಟ್ ಒತ್ತಿ, ತೆಗೆಯಬಹುದು ಎಂದು ಹೇಳುವವರೆಗೆ ಕಾಯಿರಿ. "ಅಲ್ಲಿ ಹೋಗಿ ಹಾಕಿದ್ರೆ ವಿಡಿಯೋ ಅರ್ಧ ಮಾತ್ರ" ಎಂಬುದರ ಕಾರಣ ಇದೇ.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಚಂದ ಕೇಳ್ತದೆ, ಮೀಟಿಂಗ್ ಶುರುವಾದ ಕೂಡಲೇ ಡಬ್ಬದೊಳಗಿನ ಸ್ವರ.

ಹೆಡ್‌ಫೋನಿನ ಮೈಕ್ ಚಾಲೂ ಆದ ಕೂಡಲೇ ಬ್ಲೂಟೂತ್ ಫೋನ್ ಕರೆಯ ರೀತಿಗೆ ಇಳಿಯುತ್ತದೆ, ಗುಣಮಟ್ಟವೂ ಇಳಿಯುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಇನ್‌ಪುಟ್‌ಗೆ ಲ್ಯಾಪ್‌ಟಾಪಿನದ್ದೇ ಮೈಕ್ ಆರಿಸಿ. ಕೇಳುವುದು ಹೆಡ್‌ಫೋನ್, ಮಾತು ಲ್ಯಾಪ್‌ಟಾಪ್.

ಹಳೆ ನುಡಿ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ. ವೈರಸ್ಸಾ?

ವೈರಸ್ ಅಲ್ಲ, ಕನ್ನಡವೇ. ಆ ಕಾಲದ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಫೈಲುಗಳಲ್ಲಿ ಉಳಿದಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ, ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದಲ್ಲಿ ಬಣ್ಣ ಬಯಲಾಗುತ್ತದೆ. ನುಡಿಯಲ್ಲಿ ಪೌಂಡ್ ಚಿಹ್ನೆ ಕಂಡಲ್ಲಿ 'ನ' ಇದೆ ಎಂದು ತಿಳಿಯಿರಿ. ಬರೀ ಓದಲಿಕ್ಕಾದರೆ ಆ ಫಾಂಟನ್ನು ಲಿನಕ್ಸಿಗೂ ಹಾಕಿ. ಉಳಿಸಿಕೊಳ್ಳಬೇಕಾದ ಬರಹವನ್ನು ಯುನಿಕೋಡಿಗೆ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಬದಲಿಸಿಬಿಡಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಲೇಬೇಕು. ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿರುತ್ತದೆ. ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಸಹಕಾರಿ ಸಂಘಗಳ ಹಳೆ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆಯ ವರದಿಗಳು ಹೀಗೇ ಕುಳಿತಿರುತ್ತವೆ. ಯಂತ್ರ ಏಳುವಾಗಲೇ ಬದಲಿಸಿಡುವುದು ಒಳ್ಳೆಯದು.

ಟೈಪಿಂಗ್‌ಗೆ ಐಬಸ್ ಎಂಬ ಪ್ರೋಗ್ರಾಂ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಬನ್ನಿ. ಕೆಜಿಪಿ ಎಂದಿರುವುದೇ ನಿಮ್ಮ ನುಡಿ ಕೀಲಿಮಣೆ. ಲಿಬ್ರೆ ಆಫೀಸಿನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗದಿದ್ದರೆ, ಆಪ್ಷನ್ಸ್‌ನ ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಚಾಲೂ ಮಾಡಿ. ಅದು ಕನ್ನಡಕ್ಕೆ ಪ್ರತ್ಯೇಕ ಫಾಂಟ್ ಇಟ್ಟುಕೊಳ್ಳುತ್ತದೆ.

ತುಳು ಲಿಪಿಯಲ್ಲಿ ಬರೆದು ಕಳಿಸಿದರೆ ಅವರಿಗೆ ಚೌಕ ಚೌಕ ಕಾಣ್ತದಂತೆ. ಇನ್ನೊಬ್ಬರಿಗೆ ಕನ್ನಡವೇ ಕಾಣ್ತದಂತೆ!

ಎರಡಕ್ಕೂ ಕಾರಣ ಬೇರೆ. ಹಿಂದಿನ ಎಷ್ಟೋ ತುಳು ಫಾಂಟುಗಳು ಕನ್ನಡ ಅಕ್ಷರದ ಸಂಕೇತಕ್ಕೇ ತುಳುವಿನ ಆಕಾರ ಕೊಡುತ್ತಿದ್ದವು. ಆ ಫಾಂಟ್ ಇಲ್ಲದ ಫೋನಿಗೆ ಹೋದರೆ ಅದು ಕನ್ನಡವಾಗಿಯೇ ಕಾಣುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ವಂತ ಜಾಗ ಸಿಕ್ಕಿತು. ಜಾಗ ಸಿಕ್ಕಿದ ಮಾತ್ರಕ್ಕೆ ಫೋನಿನಲ್ಲಿ ಫಾಂಟ್ ಬಂದಿರುವುದಿಲ್ಲ. ಫಾಂಟ್ ಇಲ್ಲದಲ್ಲಿ ಚೌಕ. ಆಮಂತ್ರಣ ಪತ್ರಿಕೆ, ಬ್ಯಾನರ್‌ಗಳಿಗೆ ಸದ್ಯಕ್ಕೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಕಳಿಸುವುದೇ ಸರಿ.

ಪ್ರಿಂಟರ್?

ಹೊಸದು ಕೊಳ್ಳುವವರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಎಂದಿದೆಯೇ ನೋಡಿ. ಇದ್ದರೆ ಲಿನಕ್ಸಿನಲ್ಲೂ ಸಾಮಾನ್ಯವಾಗಿ ಡ್ರೈವರ್ ಬೇಡ, ಫೋನಿನಿಂದಲೂ ಪ್ರಿಂಟ್ ಆಗುತ್ತದೆ. ಎಚ್‌ಪಿಗೆ ಎಚ್‌ಪಿಲಿಪ್ ಪ್ಯಾಕೇಜ್ ಇದೆ. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಕ್ಯಾಪ್ಟ್ ಎಂಬ ಅದರದ್ದೇ ಡ್ರೈವರ್ ಬೇಕು, ಕೂರಿಸುವುದು ಹರಸಾಹಸ. ಜೋರು ಮಳೆಯ ಆಟಿ ತಿಂಗಳಲ್ಲಿ ಪೇಪರ್ ಸಿಕ್ಕಿಹಾಕಿಕೊಂಡರೆ ಡ್ರೈವರ್ ಬೈಯಬೇಡಿ, ಕಾಗದ ತೇವ ಎಳೆದಿರುತ್ತದೆ. ಟ್ರೇಯಲ್ಲಿ ಬೇಕಾದಷ್ಟೇ ಇಟ್ಟು ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ಮಳೆಗೆ ಫೋನ್ ಒದ್ದೆಯಾಯ್ತು, ಚಾರ್ಜ್ ಆಗ್ತಿಲ್ಲ. ಅಕ್ಕಿಯಲ್ಲಿ ಇಡುವುದಾ?

ಅಕ್ಕಿ ಊಟಕ್ಕೆ ಇರಲಿ. ಅದರ ಹುಡಿ ಪೋರ್ಟಿನೊಳಗೆ ಹೋಗುತ್ತದೆ. ಅಕ್ಕಿಯಲ್ಲಿ ಇಡಬೇಡಿ ಎಂದು 2024ರಲ್ಲಿ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಬರೆಯಿತು. ನೀರಿನ ಹನಿಯ ಗುರುತು ತೋರಿಸಿ ಚಾರ್ಜ್ ನಿಲ್ಲಿಸಿದ್ದರೆ ಫೋನ್ ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಒಂದು ದಿನ ಹಿಡಿದರೂ ಹಿಡಿಯಬಹುದು. ಹೇರ್ ಡ್ರೈಯರ್, ಹತ್ತಿಯ ಕಡ್ಡಿ ಬೇಡ. ವೈರ್‌ಲೆಸ್ ಚಾರ್ಜರ್ ಇದ್ದರೆ ಫೋನಿನ ಹಿಂಬದಿ ಒರೆಸಿ ಬಳಸಬಹುದು.

ಮಲ್ಪೆ, ಪಣಂಬೂರು, ಉಳ್ಳಾಲದ ನೀರು ಮಾತ್ರ ಬೇರೆ ಲೆಕ್ಕ. ನೀರು ತಡೆಯುವ ಗುರುತಾಗಿ ಐಪಿ68 ಎಂದು ಬರೆದಿರುವುದು ಸಿಹಿನೀರಿನ ಪರೀಕ್ಷೆ. ಉಪ್ಪುನೀರು ಒಣಗಿದ ಮೇಲೂ ಉಪ್ಪು ಉಳಿದು ಲೋಹ ತಿನ್ನುತ್ತದೆ. ಜಲನಿರೋಧಕ ಫೋನಾದರೆ ಸಿಹಿನೀರಿನಲ್ಲಿ ಮೆಲ್ಲ ತೊಳೆದು ಒಣಗಿಸಿ. ಅಲ್ಲದಿದ್ದರೆ ಆಫ್ ಮಾಡಿ ನೇರ ರಿಪೇರಿಗೆ. ಆನ್ ಆಗ್ತದಾ ಎಂದು ನಡುವೆ ಒತ್ತಿ ನೋಡುವ ಚಪಲ ಬೇಡ.

ಅಮ್ಮನ ಬೆರಳಚ್ಚು ಫೋನ್ ಹಿಡಿಯುವುದೇ ಇಲ್ಲ.

ಬೀಡಿ ಕಟ್ಟುವವರ, ಅಡಿಕೆ ಸುಲಿಯುವವರ, ಮೀನು ಕೊರೆಯುವವರ ಬೆರಳಿನ ಗೆರೆ ಸವೆದಿರುತ್ತದೆ. ಕೆಲಸಕ್ಕೆ ಕಡಿಮೆ ತಾಗುವ ಬೆರಳನ್ನು, ಕೈ ತೊಳೆದು ಒರೆಸಿದ ಮೇಲೆ ದಾಖಲಿಸಿ. ಅದೇ ಬೆರಳನ್ನು ಎರಡು ಸಲ ದಾಖಲಿಸಿದರೆ ಹಿಡಿಯುವ ಸಾಧ್ಯತೆ ಹೆಚ್ಚು. ಅದೂ ಆಗದಿದ್ದರೆ ಪಿನ್ ಸಾಕು. ಆಧಾರ್‌ನಲ್ಲಿ ಹೆಬ್ಬೆಟ್ಟು ಬರದಿದ್ದರೆ ಓಟಿಪಿ, ಕಣ್ಣು, ಮುಖದ ದೃಢೀಕರಣವೂ ಉಂಟು. ಕೌಂಟರಿನಲ್ಲಿ ಕೇಳಿ, ಸುಮ್ಮನೆ ವಾಪಸು ಬರಬೇಡಿ.

ವಾಟ್ಸಾಪ್ ಮೆಸೇಜ್ ಫೋನ್ ತೆರೆದಾಗ ಮಾತ್ರ ಬರ್ತದೆ. ಮೆಮೊರಿಯೂ ಫುಲ್.

ತಡವಾಗುವುದಕ್ಕೆ ಕಾರಣ ಬ್ಯಾಟರಿ ಉಳಿಸುವ ಸೆಟ್ಟಿಂಗ್. ಆ್ಯಪ್ ಮಾಹಿತಿಯ ಬ್ಯಾಟರಿ ಪುಟದಲ್ಲಿ ಅನ್‌ರಿಸ್ಟ್ರಿಕ್ಟೆಡ್ ಕೊಡಿ. ಕೆಲವು ಫೋನುಗಳಲ್ಲಿ ಆಟೋಸ್ಟಾರ್ಟ್ ಎಂದು ಇನ್ನೊಂದಿರುತ್ತದೆ, ಅದನ್ನೂ ಆನ್ ಮಾಡಿ. ಮೆಮೊರಿಗೆ ವಾಟ್ಸಾಪ್ ಸೆಟ್ಟಿಂಗಿನ ಸ್ಟೋರೇಜ್ ಪುಟದಲ್ಲಿ ಮ್ಯಾನೇಜ್ ಸ್ಟೋರೇಜ್ ನೋಡಿ, ದೊಡ್ಡ ಫೈಲು ಮೇಲೆ ಬರುತ್ತದೆ. ಶುಭೋದಯದ ವಿಡಿಯೋ ಬರುವ ಗುಂಪುಗಳಿಗೆ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಗುಂಪು ಬಿಡುವಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮದುವೆ ಕಾಗದ ಅಂತ ಬಂದ ಫೈಲ್ ಒತ್ತಿದ ಮೇಲೆ ಫೋನ್ ಏನೇನೋ ಮಾಡ್ತಾ ಉಂಟು.

ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಕಾಗದ ಅಲ್ಲ, ಆ್ಯಪ್. ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲೂ ಬರುತ್ತದೆ. ಮೆಸೇಜು ಓದುವ ಅನುಮತಿ ಪಡೆದು ಓಟಿಪಿ ಕದಿಯುವುದು ಇದರ ಕೆಲಸ. ಕೂಡಲೇ ಡೇಟಾ, ವೈಫೈ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಸೇಫ್ ಮೋಡಿಗೆ ಹೋಗಿ ಆ ಆ್ಯಪ್ ತೆಗೆಯಬಹುದು. ಫೋಟೋಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಇನ್ನೂ ಭದ್ರ.

ಆಗುಂಬೆಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಖಾಲಿ.

ಹೆಬ್ರಿ ದಾಟಿದ ಮೇಲೆ, ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲೂ, ಸಿಗ್ನಲ್ ಸಿಗದ ಕಡೆ ಫೋನ್ ಹುಡುಕುತ್ತಲೇ ಇರುತ್ತದೆ. ಅದಕ್ಕೇ ಬ್ಯಾಟರಿ ಹೋಗುವುದು. ಏರೋಪ್ಲೇನ್ ಮೋಡ್ ಹಾಕಿ. ಜಿಪಿಎಸ್‌ಗೆ ಸಿಗ್ನಲ್ ಬೇಡ, ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿದ್ದರೆ ದಾರಿ ತೋರಿಸುತ್ತದೆ.

ಹಳೆ ಫೋನ್ ಅಣ್ಣನ ಮಗನಿಗೆ ಕೊಟ್ಟೆ. ರೀಸೆಟ್ ಮಾಡಿಯೇ ಕೊಟ್ಟದ್ದು, ಈಗ ನನ್ನ ಗೂಗಲ್ ಪಾಸ್‌ವರ್ಡ್ ಕೇಳ್ತದೆ.

ಕದ್ದ ಫೋನ್ ಬಳಸಬಾರದೆಂದು ಇಟ್ಟ ಬೀಗ ಅದು. ಬಟನ್ ಒತ್ತಿ ರಿಕವರಿಯಿಂದ ರೀಸೆಟ್ ಮಾಡಿದರೆ ಹಾಗೆ ಕೇಳುತ್ತದೆ. ಒಮ್ಮೆ ನಿಮ್ಮ ಖಾತೆಯಲ್ಲೇ ಒಳಹೊಕ್ಕು, ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ತೆಗೆದು, ಆಮೇಲೆ ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ. ಹುಡುಗ ಬೆಂಗಳೂರಿನಲ್ಲಿದ್ದರೆ ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ಊರಿಗೆ ಬಂದಾಗ ಎದುರು ಕೂತು ಮಾಡಿಕೊಡಿ.